ಕೊಳವೆಗೆ ಹಾಕಿದ ಮಾತು

ನೀರಿನೊಳಗೆ ಕೆಂಪೆಲೆ ಬೆಳೆಸುವುದರಲ್ಲಿ ನನ್ನನ್ನು ಮೀರಿಸಿದವರು ಈ ಊರಲ್ಲಿ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ನನ್ನ ತೊಟ್ಟಿಯ ಎಲೆ ನೋಡಿ ಸೂರ್ಯ ನಾಚಿಕೊಂಡು ಒಂದು ದಿನ ಅರ್ಧ ಗಂಟೆ ಮೊದಲೇ ಮುಳುಗಿದ. ಬೀದಿಯಲ್ಲಿ ಹೋಗುತ್ತಿದ್ದ ಎತ್ತು ಬೆದರಿ ಗಾಡಿಯ ಸಮೇತ ಕೆರೆಗೆ ಹಾರಿತು. ಇದರಲ್ಲಿ ಅರ್ಧ ಸುಳ್ಳು. ಎತ್ತು ಹಾರಲಿಲ್ಲ, ಸುಮ್ಮನೆ ತಲೆ ಆಡಿಸಿ ಹೋಯಿತು. ಅದು ಸಣ್ಣ ಸುಳ್ಳು. ದೊಡ್ಡದು ಬೇರೆ ಇದೆ. ಎಲೆ ಕೆಂಪಾಗಿದ್ದು ನಿಜ, ಬೆಳೆಸಿದವಳು ನಾನಲ್ಲ.

ಕೆಳಗಿನ ಬೀದಿಯ ತಿರುವಿನ ಮನೆಗೆ ಮೂರು ತಿಂಗಳ ಹಿಂದೆ ಸೊಸೆಯಾಗಿ ಬಂದ ಜಯಶೀಲೆಗೂ ನಿನ್ನೆ ನಾನು ಸೂರ್ಯನ ಕಥೆಯನ್ನೇ ಮೊದಲು ಹೇಳಿದೆ. ಪಾಪ, ಹುಡುಗಿ ನಂಬಿಬಿಟ್ಟಳು. ಕೈಯಲ್ಲೊಂದು ಸ್ಟೀಲ್ ಡಬ್ಬಿ, ಅದರಲ್ಲಿ ಅರ್ಧ ನೀರು. ನೀರುಗಿಡದ ದಂಟು ಕೇಳಲು ಬಂದಿದ್ದಳು.

“ಅಜ್ಜಿ, ನಮ್ ತೊಟ್ಟೀಲಿ ಎಲೆಯೆಲ್ಲಾ ಬರೀ ಹಸುರೇ ಬರ್ತಿದೆ. ನಮ್ಮತ್ತೆ ನೋಡ್ನೋಡಿ ಮೂತಿ ತಿರುವ್ತಾರೆ. ಬಣ್ಣ ಬರ್ಸೋದ್ರಲ್ಲಿ ಕೆಂಚಮ್ಮಜ್ಜಿ ಎತ್ತಿದ ಕೈ ಅಂದ್ರು.”

“ಎತ್ತಿದ ಕೈ ಈಗ ಭುಜದಿಂದ ಮೇಲಕ್ಕೇ ಹೋಗಲ್ಲ ಕಣೆ, ವಾಯು. ಕೂತ್ಕೋ. ತೊಟ್ಟಿ ಎಲ್ಲಿಟ್ಟಿದ್ದೀಯ?”

“ಅಡುಗೆಮನೆ ಮೂಲೇಲಿ.”

“ಆ ಕತ್ತಲೆ ಮೂಲೇಲಿ ಕೂರ್ಸಿದ್ರೆ ನಾನೂ ಹಸುರಾಗ್ತೀನಿ. ಹೆಂಚು ತೆಗೆಸಿ ಗಾಜಿನ ಹೆಂಚು ಹಾಕ್ಸು. ನೆತ್ತಿ ಮೇಲೆ ನೇರ ಬೀಳ್ಬೇಕು ಬೆಳಕು. ಮೀನಿಗೆ ಏನ್ ಹಾಕ್ತೀಯ?”

“ದಿನಾ ಒಂದ್ ಹಿಡಿ ಅನ್ನ.”

“ಅಯ್ಯೋ ನಿನ್ನ! ಮೀನು ಸಾಕಿದ್ದೀಯೋ ನೆಂಟರನ್ನ ಇಟ್ಕೊಂಡಿದ್ದೀಯೋ? ಮೀನು ತಿಂದು ಮಿಕ್ಕಿದ್ದು, ಮೀನು ಹೇತಿದ್ದು, ಎಲ್ಲಾ ಗಿಡಕ್ಕೇ ಹೋಗುತ್ತೆ. ಹೊಟ್ಟೆ ತುಂಬಿದ ಗಿಡ ಬಣ್ಣ ಕಟ್ಟಲ್ಲ. ಸ್ವಲ್ಪ ಹಸಿವಿರ್ಬೇಕು ಅದಕ್ಕೆ.”

ಹೀಗೆ ಅವಳಿಗೆ ಒಂದೊಂದಾಗಿ ಹೇಳಿಕೊಟ್ಟೆ. ತುಕ್ಕು ಹಿಡಿದ ಮೊಳೆಯನ್ನು ಜೇಡಿಮಣ್ಣಿನ ಉಂಡೆಯೊಳಗೆ ಹುದುಗಿಸಿ ಬೇರಿನ ಬುಡದಲ್ಲಿ ಹೂಳಬೇಕು, ಕಬ್ಬಿಣದ ರಸ ಕುಡಿದರೇನೇ ಎಲೆಗೆ ರಕ್ತ ಬರುವುದು. ದಂಟು ಉದ್ದವಾದರೆ ಕನಿಕರ ಪಡದೆ ತುದಿ ಕತ್ತರಿಸಿ, ಆ ತುದಿಯನ್ನೇ ಮರಳಲ್ಲಿ ಊರಬೇಕು. ಗಾಜಿನ ಮೇಲೆ ಪಾಚಿ ಕಟ್ಟಲು ಬಿಡಬಾರದು. ಜಯಶೀಲೆ ಎಲ್ಲಕ್ಕೂ ತಲೆಯಾಡಿಸಿದಳು. ಇಷ್ಟೆಲ್ಲ ಮಾಡಿದರೂ ಬರುವುದು ಒಂದು ಬಿಳಿಚಿದ ಗುಲಾಬಿ ಬಣ್ಣ, ಅಷ್ಟೇ. ನಿಜವಾದ ಬಣ್ಣ ಬರಲು ಏನು ಬೇಕೆಂದು ನಮ್ಮೂರ ಹಾಲುಗೂಸಿಗೂ ಗೊತ್ತು.

ನಮ್ಮೂರಲ್ಲಿ ಮನೆಗೊಂದು ಗಾಜಿನ ತೊಟ್ಟಿ, ತೊಟ್ಟಿಗೊಂದು ಕೊಳವೆ. ಪಪ್ಪಾಯಿ ಎಲೆಯ ಟೊಳ್ಳು ತೊಟ್ಟೇ ಕೊಳವೆ. ಬಾಯಿಯವರೆಗೆ ಬಂದು ಹೊರಗೆ ಬಾರದ ಮಾತನ್ನು ಅದರೊಳಗೆ ಊದಬೇಕು. ಗುಳುಗುಳು ಎಂದು ಗುಳ್ಳೆ ಏಳುತ್ತದೆ, ಮಾರನೆಯ ಬೆಳಿಗ್ಗೆ ದಂಟಿನ ತುದಿಯಲ್ಲಿ ಒಂದು ಬಣ್ಣದ ಎಲೆ. ಸಣ್ಣ ಮಾತಿಗೆ ಹಳದಿ. ಸ್ವಲ್ಪ ತೂಕದ ಮಾತಿಗೆ ಕೇಸರಿ, ನೇರಳೆ. ಹೊಟ್ಟೆಯ ತಳದಿಂದ ಬಂದ ಮಾತಿಗೆ ಕೆಂಪು. ಬಣ್ಣ ಬಂದ ಎಲೆ ಎಷ್ಟು ವರ್ಷವಾದರೂ ಕೊಳೆಯುವುದಿಲ್ಲ. ಆದರೆ ಅದೇ ಮಾತನ್ನು ಯಾರಾದರೂ ತೊಟ್ಟಿಯ ಮುಂದೆ ಬಾಯಿಬಿಟ್ಟು ಆಡಿದರೆ, ಬೆರಳು ಮಡಿಸುವಷ್ಟರಲ್ಲಿ ಎಲೆ ಹಸುರಾಗಿಬಿಡುತ್ತದೆ.

ಇದಕ್ಕೆ ತಕ್ಕ ಹಾಗೆ ಜನ ಬದುಕು ಹೊಂದಿಸಿಕೊಂಡಿದ್ದಾರೆ. ಬೀದಿ ನಲ್ಲಿಯ ಹತ್ತಿರ ಜಗಳ ಹತ್ತಿ, ಬೈಗುಳ ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ಹೆಂಗಸರು ಬಾಯಿ ಮುಚ್ಚಿಕೊಂಡು ಮನೆಗೆ ಓಡುತ್ತಾರೆ, ಒಳ್ಳೆಯ ಬೈಗುಳ ಹಾಳಾಗಬಾರದಲ್ಲ! ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ತೊಟ್ಟಿ ನೋಡುತ್ತಾರೆ, ಬಣ್ಣ ಹೆಚ್ಚಿದ್ದರೆ ನುಂಗಿಕೊಂಡು ಹೋಗುವ ಮನೆತನ ಎಂದು ಒಪ್ಪಿಕೊಳ್ಳುತ್ತಾರೆ. ಕ್ಷೌರದಂಗಡಿಯ ತೊಟ್ಟಿಯಲ್ಲಿ ಏಳು ಬಣ್ಣ. ಬಂದವರ ಮುಖದ ಬಗ್ಗೆ ತನಗನ್ನಿಸಿದ್ದನ್ನು ಆತ ಯಾರಿಗೂ ಹೇಳುವಂತಿಲ್ಲವಲ್ಲ, ಅದಕ್ಕೆ. ಮೇಲಿನ ಬೀದಿಯ ದೊಡ್ಡಮನೆಯಾತ ಮಗಳ ಮದುವೆಯ ದಿನ ಕುಡಿದು, ತೊಟ್ಟಿಯ ಪಕ್ಕದಲ್ಲೇ ನಿಂತು ಬೀಗರ ಮುಂದೆ ಮನಸ್ಸಿನಲ್ಲಿದ್ದುದನ್ನೆಲ್ಲ ಕಕ್ಕಿದ. ಊಟದ ಎಲೆ ತೆಗೆಯುವ ಹೊತ್ತಿಗೆ ಅವನ ತೊಟ್ಟಿ ಸೊಪ್ಪಿನ ಮಡಿಯಾಗಿತ್ತು.

ವರ್ಷಕ್ಕೊಮ್ಮೆ ತೊಟ್ಟಿ ನೋಡುವ ದಿನ. ಎಲ್ಲರೂ ತೊಟ್ಟಿಯನ್ನು ಜಗಲಿಗೆ ತಂದಿಡುತ್ತಾರೆ. ಯಾರ ಎಲೆ ಎಲ್ಲಕ್ಕಿಂತ ಕೆಂಪೋ ಅವರ ಬಾಗಿಲಿಗೆ ಊರವರೆಲ್ಲ ಸೇರಿ ಕೆಮ್ಮಣ್ಣು ಬಳಿಯುತ್ತಾರೆ. ಆ ವರ್ಷವಿಡೀ ಆ ಮನೆಯ ಹೆಂಗಸು ನಲ್ಲಿಗೆ ಬಂದರೆ ಉಳಿದವರು ಕೊಡ ಎತ್ತಿ ಜಾಗ ಬಿಡಬೇಕು.

ನನ್ನ ಹೆಸರು ಕೆಂಚಮ್ಮ. ಹೆಸರಲ್ಲಷ್ಟೇ ಕೆಂಪು. ಮದುವೆಯಾಗಿ ಇಪ್ಪತ್ತು ವರ್ಷ ನನ್ನ ತೊಟ್ಟಿಯಲ್ಲಿ ಹಸುರು ಬಿಟ್ಟು ಬೇರೆ ಬಣ್ಣ ಕಾಣಲಿಲ್ಲ. ನುಂಗಿಕೊಳ್ಳುವ ಮಾತೇ ನನ್ನಲ್ಲಿರಲಿಲ್ಲ, ಅನ್ನಿಸುವ ಮೊದಲೇ ಆಡಿಯಾಗಿರುತ್ತಿತ್ತು. ಎದುರು ಮನೆಯ ಹೊಂಬಾಳಮ್ಮ ಮದುವೆಯ ದಿನ ಮುಚ್ಚಿದ ಬಾಯಿ ತೆರೆದವಳೇ ಅಲ್ಲ. ಸತತ ಹದಿನಾಲ್ಕು ವರ್ಷ ಕೆಮ್ಮಣ್ಣಿನ ಬಾಗಿಲು ಅವಳದೇ. ಆ ಮೂಗಿಯೂ ಒಂದು ಸಲ ನನ್ನ ತೊಟ್ಟಿಯ ಮುಂದೆ ನಿಂತು, ಮೇಲಿಂದ ಕೆಳಗೆ ನೋಡಿ, “ಬಸ್ಸಾರಿಗಾಗುತ್ತೆ” ಎಂದು ಹೋದಳು. ಕೊಳವೆಗೆ ಹಾಕಿದ್ದರೆ ಅವಳಿಗೊಂದು ಹಳದಿ ಎಲೆ ಬರುತ್ತಿತ್ತು. ಆದರೂ ಆ ಮಾತು ಮೂರು ವರ್ಷ ನನ್ನ ಕಿವಿಯಲ್ಲಿ ಗುಂಯ್‌ಗುಟ್ಟಿತು.

ನಮ್ಮ ಯಜಮಾನರು ಚಿಕ್ಕೀರಯ್ಯ. ಊರಿನ ತೊಟ್ಟಿಗಳನ್ನೆಲ್ಲ ಮಾಡಿದವರು ಅವರೇ. ಗಾಜು ಕತ್ತರಿಸಿ, ಅಂಚಿಗೆ ಬಿಳಿ ಮೇಣ ಮೆತ್ತಿ, ಮಂಡಿಯೂರಿ ಕೂತು, ಹನಿ ನೀರು ಜಿನುಗದ ಹಾಗೆ ಹೆಬ್ಬೆರಳಿನಲ್ಲಿ ತೀಡುತ್ತಿದ್ದರು. ಮಾತು ಕಡಿಮೆ ಎಂದು ಎಲ್ಲರೂ ಅನ್ನುತ್ತಿದ್ದರು. ಕಡಿಮೆಯಲ್ಲ, ನಿಧಾನ. ಒಂದು ಮಾತು ಶುರುಮಾಡಿದರೆ ಅದು ಮುಗಿಯುವಷ್ಟರಲ್ಲಿ ನಾನು ಅಕ್ಕಿ ಆರಿಸಿ, ತೊಳೆದು, ಎಸರಿಗೆ ಹಾಕಿಯಾಗಿರುತ್ತಿತ್ತು. ಅವರು “ಅ...” ಎನ್ನುವಷ್ಟರಲ್ಲಿ ನಾನು “ಅಕ್ಕಿ ತರ್ಬೇಕು ಅಂತೀರಾ?” ಎನ್ನುತ್ತಿದ್ದೆ. “ನಾ...” ಅಂದರೆ “ನಾಳೆ ಊರಿಗ್ ಹೋಗ್ಬೇಕಾ?” ಅವರ ಮಾತಿಗೆ ಬಾಲ ಹಚ್ಚುವುದೇ ನನ್ನ ಕೆಲಸ. ತಲೆ ಒಂದು, ಬಾಲ ಒಂದು. ಅವರು ನಕ್ಕು ಸುಮ್ಮನಾಗುತ್ತಿದ್ದರು. ಸರಿಯಾಗಿಯೇ ಹೇಳಿದೆ ಎಂದು ನಾನು ಹಿಗ್ಗುತ್ತಿದ್ದೆ.

ಒಂದು ಬೆಳಿಗ್ಗೆ ನೋಡುತ್ತೇನೆ, ನನ್ನ ತೊಟ್ಟಿಯಲ್ಲಿ ಒಂದು ಹಳದಿ ಎಲೆ! ಬೇರು ಕೊಳೆತು ಹಳದಿಯಾಯಿತೇನೋ ಎಂದು ಕನ್ನಡಕ ಹಾಕಿಕೊಂಡು ನೋಡಿದೆ. ಅಲ್ಲ, ಅರಿಶಿನದ ಕೊಂಬು ಮುರಿದಂಥ ಬಣ್ಣ.

“ರೀ, ಕೊಳವೆ ಮುಟ್ಟಿದ್ರಾ?”

“ಹೂಂ,” ಎಂದರು ತಪ್ಪು ಮಾಡಿದವರ ಹಾಗೆ.

“ಏನ್ ಹಾಕಿದ್ರಿ?”

“ಅದು...”

“ಬೇಡ! ಹೇಳ್ಬೇಡಿ! ಹೇಳಿದ್ರೆ ಹೋಗುತ್ತೆ!” ಎಂದು ಓಡಿಹೋಗಿ ಅವರ ಬಾಯಿಗೆ ಕೈ ಅಡ್ಡ ಹಿಡಿದೆ. ಕೈಯಲ್ಲಿ ಹಿಟ್ಟಿತ್ತು, ಅವರ ಮೀಸೆಗೆಲ್ಲ ಮೆತ್ತಿತು. ಇಬ್ಬರೂ ನಕ್ಕೆವು. ಆವತ್ತು ನಕ್ಕಿದ್ದೇ ತಪ್ಪಾಯಿತು.

ಅಂದಿನಿಂದ ನನಗೊಂದು ಹುಚ್ಚು ಹಿಡಿಯಿತು. ಅವರು ಬಾಯಿ ತೆರೆದರೆ ಸಾಕು, “ಶ್, ಕೊಳವೆ” ಎನ್ನುತ್ತಿದ್ದೆ. ಊಟಕ್ಕೆ ಕೂತು ತುತ್ತು ಎತ್ತಿ ಏನೋ ಹೇಳಲು ಹೋದರೆ, “ಕೊಳವೆ.” ಹೊರಗಿನಿಂದ ಬಂದು ಚಪ್ಪಲಿ ಬಿಡುತ್ತಾ “ಇವತ್ತು ಏನಾಯ್ತು ಗೊತ್ತಾ” ಎಂದರೆ, “ಕೊಳವೆ, ಕೊಳವೆ.” ಅವರೂ ನನ್ನ ಸಂತೋಷ ನೋಡಿ ಹೋಗಿ ಊದಿ ಬರುತ್ತಿದ್ದರು. ಹಳದಿಯ ಮೇಲೆ ಕೇಸರಿ ಬಂತು, ನೇರಳೆ ಬಂತು. ಬಂದುಹೋಗುವವರೆಲ್ಲ “ಕೆಂಚಮ್ಮ, ಬಾಯಿ ಹೊಲ್ಸ್ಕೊಂಡ್ಯಾ?” ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ, ನಾನೇ ಬೆಳೆಸಿದ್ದು ಅಂದುಕೊಳ್ಳಲಿ ಎಂದು. ಎರಡು ವರ್ಷ ಕಳೆಯುವಷ್ಟರಲ್ಲಿ ಯಜಮಾನರು ಮನೆಗೆ ಬಂದವರೇ, ಕಾಲು ತೊಳೆದು, ನೇರ ಕೊಳವೆಯ ಹತ್ತಿರ ಹೋಗುವುದು ರೂಢಿಯಾಯಿತು. ನನ್ನ ಕಡೆ ತಿರುಗಿ ಬಾಯಿ ತೆರೆಯುವುದನ್ನೇ ಬಿಟ್ಟರು. ಮನೆಯಲ್ಲಿ ನನ್ನ ಮಾತೊಂದೇ. ನನಗೆ ಅದು ತಿಳಿಯಲೂ ಇಲ್ಲ. ನನ್ನ ಮಾತಿನ ಗದ್ದಲದಲ್ಲಿ ಅವರ ಮಾತು ನಿಂತಿದ್ದು ಕೇಳಿಸೀತಾದರೂ ಹೇಗೆ?

ಕಥೆ ಇಲ್ಲಿಗೆ ಬಂದಾಗ ಜಯಶೀಲೆ ಡಬ್ಬಿಯ ಮುಚ್ಚಳ ತಿರುಗಿಸುತ್ತಾ, “ನಾನೂ ಹಂಗೇ ಶುರು ಮಾಡಿದ್ದೀನಿ ಅಜ್ಜಿ” ಎಂದಳು ಹೆಮ್ಮೆಯಿಂದ. “ಇವತ್ ಬೆಳಿಗ್ಗೆ ನಮ್ಮೋರು ಕೆಲ್ಸಕ್ ಹೊರಟೋರು, ಬಾಗ್ಲಲ್ಲಿ ನಿಂತು ಏನೋ ಹೇಳೋಕ್ ಬಂದ್ರು. ನಾನೇ ಕೈಗೆ ಕೊಳವೆ ಕೊಟ್ಟೆ. ಊದೇ ಹೋದ್ರು.”

ನಾನು ಮಾತಾಡದೆ ಇದ್ದದ್ದು ನೋಡಿ ಹುಡುಗಿ ಹೆದರಿದಳು. “ಅಜ್ಜಿ, ನೀರು ಕೊಡ್ಲಾ?” ಎಂದಳು.

“ನೀರು ಬೇಡ. ಕೇಳು ಮುಂದಕ್ಕೆ.”

ಅದು ತೊಟ್ಟಿ ನೋಡುವ ದಿನಕ್ಕೆ ಎರಡು ದಿನ ಮುಂಚೆ. ಆ ಹೊತ್ತಿಗೆ ನನ್ನ ತೊಟ್ಟಿಯಲ್ಲಿ ಬಣ್ಣದ ಎಲೆ ಮೂವತ್ತರ ಮೇಲಿದ್ದವು. ನಾನು ಮುನ್ನೂರು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಕೆಂಪು ಇರಲಿಲ್ಲ, ಹೊಂಬಾಳಮ್ಮನ ತೊಟ್ಟಿಯಲ್ಲಿ ಎರಡಿದ್ದವು. ಮಧ್ಯಾಹ್ನ ನಾನು ಒಲೆಯ ಮುಂದೆ ಹಪ್ಪಳ ಸುಡುತ್ತಿದ್ದೆ. ಯಜಮಾನರು ಕೆಲಸ ಅರ್ಧಕ್ಕೆ ಬಿಟ್ಟು ಬಂದರು. ಯಾವತ್ತೂ ಹಾಗೆ ಬಂದವರಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಕೊಳವೆಯ ಹತ್ತಿರ ಹೋಗಲಿಲ್ಲ.

“ಕೆಂಚೀ,” ಎಂದರು. ಹೊಸದಾಗಿ ಮದುವೆಯಾದಾಗ ಹಾಗೆ ಕರೆಯುತ್ತಿದ್ದರು. “ಒಂದ್ ಮಾತು ಹೇಳ್ಬೇಕಿತ್ತು.”

ನಾನು ತಿರುಗಿ ನೋಡಿದೆ. ನೋಡಿದ್ದು ಅವರ ಮುಖವನ್ನಲ್ಲ, ಷರ್ಟನ್ನು. ಒಗೆದ ಷರ್ಟಿನ ಎಡಗಡೆ, ಜೇಬಿನ ಮೇಲೆ, ಬಿಳಿ ಮೇಣ ಮೆತ್ತಿದ ಐದು ಬೆರಳಿನ ಗುರುತು. “ನೋಡಿ, ನೋಡಿ, ಬೆಳಿಗ್ಗೆ ತಾನೇ ಹಾಕ್ಕೊಂಡಿದ್ದು! ಕೈ ಒರ್ಸ್ಕೊಳೋಕೆ ಬೇರೆ ಬಟ್ಟೆ ಇರ್ಲಿಲ್ವಾ?”

“ಅದಲ್ಲ ಕಣೆ. ಒಂದ್ ಮಾತು...”

“ನಾಡಿದ್ದು ತೊಟ್ಟಿ ನೋಡೋ ದಿನ. ಕೊಳವೆಗೆ ಹಾಕಿ.”

“ಇದು ಕೊಳವೆಗೆ ಹಾಕೋ ಮಾತಲ್ಲ.”

“ಹಂಗಾದ್ರೆ ಇನ್ನೂ ಒಳ್ಳೇದಾಯ್ತು. ಅಂಥದ್ದಕ್ಕೇ ಬಣ್ಣ ಬರೋದು. ಹೋಗಿ, ಹೋಗಿ, ಹಪ್ಪಳ ಸೀದೋಗುತ್ತೆ.”

ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಪಡಸಾಲೆಗೆ ಹೋದರು. ಗುಳುಗುಳು ಸದ್ದು ಕೇಳಿಸಿತು. ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಏಳುತ್ತಿತ್ತು. ಇಷ್ಟುದ್ದದ ಮಾತಾ ಎಂದು ನಾನು ಒಳಗೊಳಗೇ ಕುಣಿದೆ. ಹಪ್ಪಳ ಸೀಯಲಿಲ್ಲ.

ಮಾರನೆಯ ಬೆಳಿಗ್ಗೆ ಆ ಎಲೆ ಬಂತು. ಅಂಗೈಯಗಲ. ದಾಸವಾಳ ಅನ್ನಲೋ, ಕುಂಕುಮ ಅನ್ನಲೋ, ಉತ್ಪ್ರೇಕ್ಷೆ ಮಾಡೋಣವೆಂದರೆ ನನಗೇ ಮಾತು ಸಿಗಲಿಲ್ಲ. ತೊಟ್ಟಿ ನೋಡುವ ದಿನ ಹೊಂಬಾಳಮ್ಮ ಬಂದು ನೋಡಿ, ತಾನೇ ಮೊದಲು ಕೆಮ್ಮಣ್ಣಿನ ಕೊಡಕ್ಕೆ ಕೈ ಹಾಕಿದಳು. ಊರೆಲ್ಲ ನನ್ನ ಬಾಗಿಲಲ್ಲಿ. ನಾನು ಹೊಸಿಲ ಮೇಲೆ ನಿಂತು, ಬೆಳಕು ಹೀಗಿರಬೇಕು, ಮೊಳೆ ಹೀಗೆ ಹೂಳಬೇಕು ಎಂದು ಭಾಷಣ ಹೊಡೆಯುತ್ತಿದ್ದೆ. ಯಜಮಾನರು ಬಾಗಿಲಿನ ಪಕ್ಕ ಜಗಲಿಯ ಮೇಲೆ ಕೂತು ಬಾಗಿಲ ಚೌಕಟ್ಟಿಗೆ ಒರಗಿದ್ದರು. ಕಣ್ಣು ಮುಚ್ಚಿತ್ತು. ಗದ್ದಲದಲ್ಲೂ ತೂಕಡಿಸುತ್ತಾರಲ್ಲ ಎಂದು ಎಲ್ಲರಿಗೂ ತೋರಿಸಿ ನಗಿಸಿದೆ. ಎಷ್ಟು ಹೊತ್ತು ಮಾತಾಡಿದೆನೋ. ಬಾಗಿಲು ಪೂರ್ತಿ ಕೆಂಪಾಯಿತು. ಹೊಂಬಾಳಮ್ಮ ಹೋಗಿ ಅವರ ಕೈ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, ಎರಡನೆಯ ಸಲ ನನ್ನೊಡನೆ ಮಾತಾಡಿದಳು. “ಕೆಂಚಮ್ಮ, ಸಾಕು ಮಾಡು.”

ಎತ್ತಿದಾಗ ಅವರು ಹಾಕಿದ್ದ ಅದೇ ಮೇಣದ ಗುರುತಿನ ಷರ್ಟಿನ ಬೆನ್ನಿಗೆಲ್ಲ ಹಸಿ ಕೆಮ್ಮಣ್ಣು ಮೆತ್ತಿಕೊಂಡಿತ್ತು.

ಜಯಶೀಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಳಬೇಡವೆ ಎಂದೆ. ಆಮೇಲಿನದು ಸ್ವಲ್ಪ ನಗುವಂಥದ್ದೇ. ಒಂದು ತಿಂಗಳು ಕಳೆದ ಮೇಲೆ ಒಂದು ದಿನ ನಾನು ಊಟ ಮಾಡುತ್ತಾ, “ಥೂ, ಸಾರಿಗೆ ಉಪ್ಪು ಜಾಸ್ತಿಯಾಯ್ತು” ಎಂದು ಒಬ್ಬಳೇ ಗೊಣಗಿದೆ. ತೊಟ್ಟಿಯಲ್ಲಿ ಏನೋ ಸುಳಿದ ಹಾಗಾಯಿತು. ತಿರುಗಿ ನೋಡಿದರೆ ಆರು ಹಳದಿ ಎಲೆ ಒಟ್ಟಿಗೇ ಹಸುರು! ಆರು ಸಲ ಇದೇ ಮಾತು ನುಂಗಿದ್ದರು, ಮಹಾರಾಯರು. ತಟ್ಟೆ ಹಿಡಿದು ನಗಲೂ ಆಗದೆ ಅಳಲೂ ಆಗದೆ ಕೂತೆ.

ಅಲ್ಲಿಂದ ಶುರುವಾಯಿತು. ಅವರು ಬದುಕಿದ್ದಾಗ ಮಾತಿಗೆ ಬಾಲ ಹಚ್ಚುತ್ತಿದ್ದವಳು, ಈಗ ಬಾಲ ಮಾತ್ರ ಹಿಡಿದು ತಲೆ ಹುಡುಕುತ್ತಾ ಕೂತೆ. ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಒಂದೊಂದೇ ಊಹೆ ಹೇಳುವುದು, ಎಲೆ ನೋಡುವುದು. “ನಿಮ್ಮಣ್ಣ ಬಂದ್ರೆ ಹೋಗೋದು ಯಾವಾಗ?” ಮೂರು ಎಲೆ ಹಸುರಾದವು. “ನಂಗೂ ಒಂದ್ಸಲ ಸಮುದ್ರ ನೋಡ್ಬೇಕು.” ಒಂದು. “ಮಂಡಿ ನೋಯುತ್ತೆ ಕಣೆ, ಸ್ವಲ್ಪ ಎಣ್ಣೆ ಹಚ್ತೀಯಾ?” ನೇರಳೆ ಎಲೆ ನಾಲ್ಕು ಹಸುರಾದವು, ಅವತ್ತು ನಾನು ಒಲೆ ಹಚ್ಚಲಿಲ್ಲ. ಒಂದು ಕೇಸರಿ ಎಲೆ ಮೂರು ವರ್ಷ ಸತಾಯಿಸಿತು. ಕೊನೆಗೆ ಬೇಜಾರಿನಿಂದ, “ಮೊದಲು ಪಾತ್ರೆ ತೊಳೀತಾ ಏನೋ ಹಾಡ್ತಿದ್ದೆ, ಈಗ್ಯಾಕೆ ಹಾಡಲ್ಲ?” ಎಂದು ನನ್ನನ್ನು ನಾನೇ ಕೇಳಿಕೊಂಡೆ. ಎಲೆ ಹಸುರಾಯಿತು. ನಾನು ಹಾಡುತ್ತಿದ್ದುದು ನನಗೇ ಮರೆತುಹೋಗಿತ್ತು, ನೋಡಿ.

ಹನ್ನೊಂದು ವರ್ಷಕ್ಕೆ ಎಲ್ಲ ಹಸುರಾಗಿ, ಈಗ ಉಳಿದಿರುವುದು ಆ ಒಂದೇ ಕೆಂಪೆಲೆ. ಬಂದವರಿಗೆಲ್ಲ ಒಂದೊಂದು ಊಹೆ ಕೇಳುತ್ತೇನೆ. ಅಂಚೆಯವನು, “ಕಾಗ್ದ ಬಂತಾ ಅಂತ ಕೇಳಿರ್ಬೇಕು” ಎಂದ. ಬಳೆಗಾರ್ತಿ ನಾಚಿಕೊಂಡು ಕಿವಿಯಲ್ಲಿ ಒಂದು ಹೇಳಿದಳು, ಅದನ್ನು ನಾನು ನಿಮಗೆ ಹೇಳುವುದಿಲ್ಲ. ಹೊಂಬಾಳಮ್ಮ ಸಾಯುವ ಹಿಂದಿನ ವರ್ಷ ಬಂದು, “ನಿನ್ ಮಾತು ಕೇಳೋಕ್ ಚೆಂದ ಅಂದಿರ್ಬೇಕು” ಎಂದಳು. ಎಲೆ ಅಲುಗಲಿಲ್ಲ.

“ಹಸುರಾದ್ರೆ ಎಲೆ ಹೋಗುತ್ತಲ್ಲ ಅಜ್ಜಿ?” ಎಂದಳು ಜಯಶೀಲೆ.

“ಹೋಗುತ್ತೆ. ಅವರದ್ದು ಅಂತ ಉಳಿದಿರೋದು ಅದೊಂದೇ. ಗೊತ್ತಾಗ್ಬೇಕು ಅಂದ್ರೆ ಕಳ್ಕೊಬೇಕು, ಇಟ್ಕೊಬೇಕು ಅಂದ್ರೆ ಗೊತ್ತಾಗ್ಬಾರ್ದು. ಹೆಂಗ್ ಸಿಗಿಸಿ ಹೋದ್ರು ನೋಡು ಮಹಾರಾಯ್ರು.”

ಎದ್ದು, ಹಸುರು ದಂಟಿನ ತುದಿಯೊಂದನ್ನು ಕತ್ತರಿಸಿ ಅವಳ ಡಬ್ಬಿಗೆ ಹಾಕಿದೆ. ಬೆಳಕು, ಮೊಳೆ, ಮೀನಿನ ಅನ್ನ, ಎಲ್ಲ ನೆನಪಿರಲಿ ಎಂದೆ. ಅವಳ ಕಣ್ಣು ಗೋಡೆಗೆ ಒರಗಿಸಿದ್ದ ನನ್ನ ಕೊಳವೆಯ ಮೇಲಿತ್ತು.

“ಅದನ್ನ ಕೊಡಲ್ಲ. ನಿನ್ನ ಮನೇಲಿರೋದನ್ನೂ ಇವತ್ತೇ ಮುರಿದು ಒಲೆಗೆ ಹಾಕು. ಬಿಳಿಚಿದ ಗುಲಾಬಿ ಬಣ್ಣ ಸಾಕು ನಿನಗೆ. ಸಾಯಂಕಾಲ ನಿನ್ನ ಗಂಡ ಬಂದಾಗ ಬೆಳಿಗ್ಗೆ ಏನ್ ಹೇಳೋಕ್ ಬಂದಿದ್ರಿ ಅಂತ ಕೇಳು. ಮುಗಿಯೋವರ್ಗೂ ಬಾಯಿ ಹಾಕ್ಬೇಡ.”

ಅವಳು ತಲೆಯಾಡಿಸಿದಳು. ಹೊರಡಲು ಎದ್ದವಳು ತೊಟ್ಟಿಯ ಹತ್ತಿರ ಬಗ್ಗಿ, “ಅಯ್ಯೋ ಅಜ್ಜಿ, ಒಂದೇ ಕೆಂಪೆಲೆ ಅಂದ್ರಿ. ಬುಡದಲ್ಲಿ ಇನ್ನೊಂದಿದೆಯಲ್ಲಾ! ಹೊಸದು. ಇದು ಯಾರ್ದು?” ಎಂದಳು.

ಕಣ್ಣು ಚುರುಕು ಹುಡುಗಿಯದು. ನಾನು ಅದನ್ನು ಕಲ್ಲಿನ ಮರೆಗೆ ತಳ್ಳಿಟ್ಟಿದ್ದೆ.

“ನಂದು.”

“ನಿಮ್ದಾ? ನಿಮ್ಗೆ ಆಡದೇ ಇರೋ ಮಾತು ಇದ್ಯಾ?”

“ಒಂದಿದೆ. ಹೋದ ತಿಂಗಳು ಆ ಹಳೇ ಷರ್ಟು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದ್ದೆ. ಬೆನ್ನಿನ ಕೆಮ್ಮಣ್ಣು ಹೋಗಿದೆ. ಮುಂದೆ ಮೇಣದ ಬೆರಳು ಹಂಗೇ ಇದೆ, ಎಡಗಡೆ ಜೇಬಿನ ಮೇಲೆ. ಕೈ ಒರೆಸ್ಕೊಂಡ್ರೆ ಮೇಣ ಉದ್ದಕ್ಕೆ ಬಳ್ಕೋಬೇಕು ತಾನೆ? ಇದು ಬಳ್ಕೊಂಡಿಲ್ಲ. ಒತ್ತಿ ಹಿಡ್ಕೊಂಡಿದೆ. ಅದರ ಮೇಲೆ ನನ್ನ ಕೈ ಇಟ್ಟು ನೋಡ್ದೆ. ಆಗ ಒಂದು ಊಹೆ ಬಂತು. ಹನ್ನೊಂದು ವರ್ಷದಲ್ಲಿ ಯಾರೂ ಹೇಳದೇ ಇದ್ದ ಊಹೆ. ಬಾಯಿಗೆ ಬಂತು, ಆಡೋಕಾಗ್ಲಿಲ್ಲ. ಹೋಗಿ ಕೊಳವೆಗೆ ಹಾಕಿದೆ.”

ಜಯಶೀಲೆ ಡಬ್ಬಿಯನ್ನು ನೆಲದ ಮೇಲಿಟ್ಟಳು. ಹೆಂಚಿನ ಗಾಜಿನಿಂದ ಬಿಸಿಲು ನೇರ ತೊಟ್ಟಿಯ ಮೇಲೆ ಬೀಳುತ್ತಿತ್ತು. ಎರಡು ಕೆಂಪೆಲೆ, ಒಂದು ಮೇಲೆ, ಒಂದು ಕೆಳಗೆ. ನಾನು ಮಣೆಯನ್ನು ಅವಳ ಕಡೆ ತಳ್ಳಿ, ಕನ್ನಡಕ ಒರೆಸಿ ಹಾಕಿಕೊಂಡೆ.

“ಬಾ, ಕೂತ್ಕೋ. ನನ್ನ ಕೈಲಾಗಲ್ಲ, ನೀನು ಹೇಳು. ನಿಧಾನಕ್ಕೆ ಹೇಳು, ನಾನು ಮಧ್ಯ ಬಾಯಿ ಹಾಕಲ್ಲ. ಏನಂದಿರ್ಬಹುದು?”